ಪೈಲ್ವಾನರ ಭುಜ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಹಂಚಿನ ಮನೆ. ಅಂಗಳ ದಾಟಿದರೆ ಉದ್ದನೆಯ ಪಡಸಾಲೆ, ಅದರ ಉತ್ತರದ ಗೋಡೆಗೆ ಸಾಲಾಗಿ ನಾಲ್ಕು ಕಿಟಕಿ. ಚಿತ್ರಕಾರರು ಉತ್ತರದ ಬೆಳಕಿಗೆ ಹಟ ಹಿಡಿಯುವುದಕ್ಕೆ ಕಾರಣವಿದೆ. ನಮ್ಮ ಸೀಮೆಯಲ್ಲಿ ವರ್ಷದ ಬಹುಪಾಲು ಆ ದಿಕ್ಕಿನಿಂದ ನೇರ ಬಿಸಿಲು ಒಳಗೆ ಬರುವುದಿಲ್ಲ. ಎದುರಿಗೆ ಕೂತವರ ಮೂಗಿನ ನೆರಳು ಬೆಳಿಗ್ಗೆ ಎಲ್ಲಿತ್ತೋ ಮಧ್ಯಾಹ್ನವೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಮನೆ ಕಟ್ಟಿಸಿದ ಪುಣ್ಯಾತ್ಮ ವಕೀಲರಂತೆ. ಕಕ್ಷಿದಾರರ ಮುಖ ಸರಿಯಾಗಿ ಕಾಣಲೆಂದು ಇಟ್ಟ ಕಿಟಕಿಗಳೋ ಏನೋ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬ. ಒಳಗೆ ಹೋಗುವವರು ಬ್ಯಾಗಿನಲ್ಲಿರುವ ರಬ್ಬರನ್ನೆಲ್ಲ ಅದಕ್ಕೆ ಹಾಕಿ ಹೋಗಬೇಕು. ಟ್ಯಾಬ್ಲೆಟ್ ತಂದವರದು ಬೀರುವಿಗೆ. ಬೀಗದಕೈ ಮೇಷ್ಟ್ರ ಜುಬ್ಬದ ಜೇಬಿಗೆ. "ಶಿಬಿರ ಮುಗಿಯೋವರೆಗೆ ಗೆರೆ ಅಳಿಸೋ ಹಾಗಿಲ್ಲ. ತಪ್ಪಿದ ಗೆರೆ ಪಕ್ಕದಲ್ಲೇ ಸರಿಯಾದ್ದು ಹಾಕಿ. ಎರಡೂ ಇರ್ಲಿ, ಏನ್ ತೊಂದ್ರೆ?" ಅವರ ದನಿ ಸಣ್ಣದು. ಪಡಸಾಲೆಯ ಆ ತುದಿಗೆ ಕೇಳಬೇಕಾದರೆ ಈ ತುದಿಯಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು. ಮುಚ್ಚುತ್ತಿದ್ದರು.

ಬೆಂಗಳೂರಿನ ಆನಿಮೇಷನ್ ಸ್ಟುಡಿಯೋದಿಂದ ಬಂದಿದ್ದ ಹುಡುಗನೊಬ್ಬ ಪರದೆ ಬಿಟ್ಟು ಕಾಗದ ಮುಟ್ಟಿ ವರ್ಷಗಳೇ ಆಗಿದ್ದವು. ಇದ್ದಿಲು ಹಿಡಿದು ಗೆರೆ ಎಳೆಯುತ್ತಿದ್ದ. ಗೆರೆ ಸೊಟ್ಟಗಾದೊಡನೆ ಎಡಗೈಯ ಎರಡು ಬೆರಳು ತಾವಾಗಿಯೇ ಹೋಗಿ ಕಾಗದವನ್ನು ಟಪಕ್ಕೆಂದು ತಟ್ಟುತ್ತಿದ್ದವು. ಟ್ಯಾಬ್ಲೆಟ್ಟಿನಲ್ಲಿ ಹಾಗೆ ತಟ್ಟಿದರೆ ಕೊನೆಯ ಗೆರೆ ಮಾಯವಾಗುತ್ತದೆ. ಕಾಗದದ ಮೇಲೆ ಮಾಯವಾಗದೆ ಇದ್ದಾಗ ಅವನ ಮುಖದಲ್ಲಿ ಕಾಣುತ್ತಿದ್ದ ನಿಜವಾದ ಆಶ್ಚರ್ಯವನ್ನು ನನ್ನ ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಬಂದವರೆಲ್ಲ ಚಿತ್ರದಿಂದಲೇ ಹೊಟ್ಟೆ ಹೊರೆಯುವವರು, ಇಲ್ಲವೇ ಹಾಗೆ ಹೊರೆಯಬೇಕೆಂದಿರುವವರು. ಮಂಗಳೂರಿನ ಕಡೆಯ ಒಬ್ಬಾಕೆ ವೈದ್ಯಕೀಯ ಪಠ್ಯಪುಸ್ತಕಗಳಿಗೆ ಮೂಳೆ, ನರ, ಸ್ನಾಯು ಬರೆಯುತ್ತಾರೆ. ಧಾರವಾಡದವರೊಬ್ಬರು ಮಕ್ಕಳ ಪುಸ್ತಕಗಳಿಗೆ ಆನೆ, ಮೊಲ, ಚಂದ್ರ. ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ ರಜೆ ಹಾಕಿ ಬಂದಿದ್ದರು. ನನ್ನದು ವಾರಪತ್ರಿಕೆಗಳ ಕಥೆ, ಧಾರಾವಾಹಿ, ವಿಶೇಷಾಂಕ. ಈ ಕಸುಬಿನ ನಡಾವಳಿ ಗೊತ್ತಿರುವವರಿಗೆ ಗೊತ್ತು: ಸಂಜೆ ಕಥೆ ಬರುತ್ತದೆ, ಬೆಳಿಗ್ಗೆ ಚಿತ್ರ ಹೋಗಬೇಕು. ಕೈಗೆ ವೇಗ ಬಂದಂತೆಲ್ಲ ಕಣ್ಣಿಗೆ ಕೆಲಸ ಕಡಿಮೆಯಾಗುತ್ತದೆ. ಕಿಟಕಿ ಸರಳು ಹಿಡಿದು ನಿಂತ ಹೆಂಗಸು, ಹಣೆಗೆ ಕೈ ಹಚ್ಚಿ ಕುಳಿತ ಗಂಡಸು, ಕನ್ನಡಕದ ಅಜ್ಜ, ದೂರದಲ್ಲೊಂದು ಬಸ್ಸು. ಇಷ್ಟನ್ನು ಹಿಂದೆ ಮುಂದೆ ಮಾಡಿದರೆ ಕನ್ನಡದ ಅರ್ಧ ಕಥೆಗಳಿಗೆ ಚಿತ್ರ ಸಿದ್ಧ. ಇದರಲ್ಲಿ ನಾಚಿಕೆಪಡುವಂಥದ್ದು ಇದೆ ಎಂದು ನನಗೆ ಅನ್ನಿಸುವುದಿಲ್ಲ, ಸಂಸಾರ ನಡೆದದ್ದೇ ಅದರಿಂದ. ಆದರೆ ಕಥೆಗಾರ ಹೊಸಬನಾಗಿದ್ದು ಹೆಂಗಸು ಮಾತ್ರ ಅದೇ ಹಳಬಳಾಗಿದ್ದರೆ ಎಲ್ಲೋ ಕಸಿವಿಸಿ. ಮೇಷ್ಟ್ರು ಮೊದಲ ದಿನ ಎಲ್ಲರ ಫೈಲು ತಿರುವಿದರು. ನನ್ನದನ್ನು ಮುಚ್ಚುತ್ತ, "ಕೈ ಬಹಳ ಚೆನ್ನಾಗಿದೆ. ಇನ್ನು ಅದರ ಮಾತು ಕೇಳೋದು ಬಿಡಿ," ಎಂದರು.

ಬೆಳಗಿನ ಪಾಳಿ ಪೂರ್ತಿ ಮನುಷ್ಯದೇಹದ ರೇಖಾಭ್ಯಾಸ. ಕಲಾಶಾಲೆಗಳಲ್ಲಿ ಮಾಡೆಲ್ ಎಂದರೆ ಸಾಮಾನ್ಯವಾಗಿ ಸುಮ್ಮನೆ ಕೂರಲು ಒಪ್ಪಿದ ಯಾರೋ ಒಬ್ಬರು. ಇಲ್ಲಿ ಬಂದವರು ಅರವತ್ತು ದಾಟಿದ ಮಾಜಿ ಪೈಲ್ವಾನರು. ಮೈಸೂರಿನ ಗರಡಿಮನೆಯೊಂದರಲ್ಲಿ ಬೆಳೆದವರು, ದಸರಾ ಕುಸ್ತಿಯ ಅಖಾಡದಲ್ಲಿ ಮಣ್ಣು ಮೆತ್ತಿಕೊಂಡವರು. ಕಿವಿಗಳು ಜಜ್ಜಿ ಗಂಟುಕಟ್ಟಿದ್ದವು. ಕುಸ್ತಿಯವರ ಕಿವಿ ವರ್ಷಗಟ್ಟಲೆ ತಿಕ್ಕಿಸಿಕೊಂಡು ಹಾಗಾಗುತ್ತದೆ. ಚಡ್ಡಿಯಲ್ಲಿ ಹಲಗೆಯ ಮೇಲೆ ಹತ್ತಿ ನಿಂತು, ಮೇಷ್ಟ್ರ ಕಡೆ ತಿರುಗಿ, "ಎಷ್ಟು ಹೊತ್ತು?" ಎಂದರು.

"ಮೂವತ್ತು ಸೆಕೆಂಡು."

"ಅಷ್ಟಕ್ಕೆ ಇಲ್ಲೀತನ್ಕ ಕರೆಸಿದ್ರಾ?"

ಮೂವತ್ತು ಸೆಕೆಂಡಿಗೊಂದು ಭಂಗಿ. ಆಮೇಲೆ ಒಂದು ನಿಮಿಷದವು, ಐದು ನಿಮಿಷದವು, ಕೊನೆಗೆ ಇಪ್ಪತ್ತು ನಿಮಿಷದ ಒಂದು. ಜಗತ್ತಿನ ಬಹುತೇಕ ಕಲಾಶಾಲೆಗಳಲ್ಲಿ ಈ ಕ್ರಮ ನಡೆದುಕೊಂಡು ಬಂದಿದೆ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಹೇಳುತ್ತಿದ್ದ ಕೀಮನ್ ನಿಕೊಲೈಡೀಸ್ ಇದಕ್ಕೊಂದು ಪದ್ಧತಿಯನ್ನೇ ಕಟ್ಟಿದರು; ಅವರು ತೀರಿಕೊಂಡ ಮೇಲೆ 1941ರಲ್ಲಿ ಹೊರಬಂದ ಅವರ ಪುಸ್ತಕ ಇಂದಿಗೂ ಮಾರಾಟದಲ್ಲಿದೆ. ಮೂವತ್ತು ಸೆಕೆಂಡಿನಲ್ಲಿ ಕಣ್ಣು, ಮೀಸೆ, ಬೆರಳು ಬರೆಯಲು ಪುರುಸೊತ್ತಿಲ್ಲ. ದೇಹದ ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಯಾವ ಕಡೆ ಬಾಗಿದೆ, ತಲೆ ಎತ್ತ ತಿರುಗಿದೆ ಎಂಬಷ್ಟನ್ನೇ ಹಿಡಿಯಬೇಕು. ಇದ್ದಿಲು ಹುಣಸೆ ಕಡ್ಡಿಯದು. ಕಡ್ಡಿಗಳನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟು ಮಾಡಿದ್ದು, ಮೈಸೂರು ಸಂಪ್ರದಾಯದ ಚಿತ್ರಕಾರರು ಹಿಂದಿನಿಂದ ಬಳಸಿಕೊಂಡು ಬಂದದ್ದು. ಒತ್ತಿದರೆ ಮುರಿಯುತ್ತದೆ, ಒತ್ತದಿದ್ದರೆ ಮೂಡುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಎಲ್ಲರ ಮೊಣಕೈವರೆಗೆ ಮಸಿ, ನೆಲದ ತುಂಬ ನ್ಯೂಸ್‌ಪ್ರಿಂಟು.

ಮೊದಲ ವಿರಾಮದಲ್ಲಿ ಪೈಲ್ವಾನರು ಲುಂಗಿ ಸುತ್ತಿಕೊಂಡು, ಕೈಲಿ ಟೀ ಲೋಟ ಹಿಡಿದು ಒಂದೊಂದೇ ಬೋರ್ಡಿನ ಮುಂದೆ ನಿಂತರು. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ನನ್ನ ಮುಂದೆ ಬಂದಾಗ ಮಾತ್ರ ಲೋಟ ಕೆಳಗಿಟ್ಟರು.

"ಏನ್ ಸ್ವಾಮಿ ಇದು? ನನ್ ತೋಳು ಹಲಗೆಗೆ ಮೊಳೆ ಹೊಡ್ದಂಗಿದೆ."

ಬಲಗೈಯನ್ನು ಮೇಲಕ್ಕೆ ಎತ್ತಿದ ಭಂಗಿ ಅದು. ಅವರು ಅಲ್ಲೇ ನನಗೆ ಬೆನ್ನು ತಿರುಗಿಸಿ ನಿಂತು, ನನ್ನ ಅಂಗೈಯನ್ನು ತಮ್ಮ ಬೆನ್ನಿನ ಮೇಲೆ, ಭುಜದ ರೆಕ್ಕೆಮೂಳೆಯ ಮೇಲೆ ಇರಿಸಿಕೊಂಡರು. "ಈಗ ನೋಡಿ," ಎಂದು ತೋಳು ಎತ್ತತೊಡಗಿದರು. ಅಂಗೈ ಕೆಳಗೆ ಆ ಅಗಲ ಮೂಳೆ ಹೊರಳಿ, ಅದರ ತುದಿ ಪಕ್ಕೆಯ ಕಡೆಗೆ ಜಾರಿತು. ಕೈ ಎತ್ತಿದರೆ ಬರೀ ಕೈ ಏಳುವುದಿಲ್ಲ, ಬೆನ್ನೇ ಏಳುತ್ತದೆ ಎನ್ನುವುದು ಅವರ ತಕರಾರು. ಮಂಗಳೂರಿನಾಕೆ ಪಕ್ಕದ ಬೋರ್ಡಿನಿಂದ ಲೆಕ್ಕ ಕೊಟ್ಟರು: ತೋಳು ಕೆಳಗಿನಿಂದ ನೆಟ್ಟಗೆ ಮೇಲಕ್ಕೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ತೋಳಿನ ಕೀಲಿನದ್ದು, ಉಳಿದ 60 ರೆಕ್ಕೆಮೂಳೆಯ ಹೊರಳಾಟದ್ದು. "ಪುಸ್ತಕದಲ್ಲಿ ನೂರು ಸಲ ಬರೆದಿದ್ದೇನೆ, ಮುಟ್ಟಿ ನೋಡಿರಲಿಲ್ಲ ಮಾರಾಯ್ರೆ," ಎಂದು ಅವರೂ ಬಂದು ಕೈಯಿಟ್ಟರು. ಆಮೇಲೆ ಸಾಲು ಹತ್ತಿತು. ಪೈಲ್ವಾನರು ಏಳೆಂಟು ಸಲ ಕೈ ಎತ್ತಿ ಇಳಿಸಿ, "ಸಾಕಾ? ಟೀ ಆರೋಯ್ತು," ಎಂದರು.

ಮರುದಿನದಿಂದ ಅವರೇ ಅರ್ಧ ಮೇಷ್ಟ್ರಾದರು. ನಿಂತವನ ಭಾರ ಒಂದು ಕಾಲಿಗೆ ಬಿದ್ದರೆ ಆ ಕಡೆಯ ಸೊಂಟ ಮೇಲೆದ್ದು ಅದೇ ಕಡೆಯ ಭುಜ ಇಳಿಯುತ್ತದೆ ಎಂಬುದನ್ನು ಯುರೋಪಿನ ಶಿಲ್ಪಿಗಳ ಹೆಸರು ಹೇಳಿ ಕಲಿಸುವುದು ವಾಡಿಕೆ. ಇವರು ಎದುರಾಳಿಯನ್ನು ಬೀಳಿಸುವ ಲೆಕ್ಕದಲ್ಲಿ ಹೇಳಿದರು: "ಭಾರ ಯಾವ ಕಾಲ್ ಮೇಲೈತೆ ನೋಡ್ಕಳಿ. ಇನ್ನೊಂದ್ ಕಾಲು ಸುಮ್ಕೆ ಐತೆ. ಆ ಸುಮ್ಕಿರೋ ಕಾಲಿಗೇ ನಾವು ಕೈ ಹಾಕೋದು." ಅಂದಿನಿಂದ ಬಸ್‌ಸ್ಟಾಪಿನಲ್ಲಿ ನಿಂತವರನ್ನೆಲ್ಲ ಕೆಡವಲು ಹೊರಟವನ ಕಣ್ಣಿನಿಂದಲೇ ನೋಡುತ್ತಿದ್ದೇನೆ.

ಮಧ್ಯಾಹ್ನಗಳು ಬೇರೆ ಬೇರೆ. ಒಂದು ಮಧ್ಯಾಹ್ನ ಮೈಸೂರು ಚಿತ್ರಕಲೆಯ ಹಿರಿಯ ಕಲಾವಿದರೊಬ್ಬರು ಬಂದು, ಬಾಯಿ ತೆರೆಯುವ ಮೊದಲು ಫ್ಯಾನ್ ಆರಿಸಿದರು. ಚಿನ್ನದ ರೇಕು ಉಸಿರಿಗೂ ಹಾರುತ್ತದೆ. ಸಫೇದ, ಅಂಟು, ರೇವಲ್ಚಿನ್ನಿ ಹಾಲು ಸೇರಿಸಿ ಅರೆದ ಮುದ್ದೆಯನ್ನು ಅಳಿಲಿನ ಕೂದಲಿನ ಬ್ರಷ್ಷಿನಿಂದ ಎಳೆ ಎಳೆಯಾಗಿ ಕಾಗದಕ್ಕೆ ಇಳಿಸುತ್ತ, ಕಂಠೀಹಾರದ ಒಂದು ಮಣಿ ಮುಗಿಸಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ಒಂದು ಇಡೀ ಧಾರಾವಾಹಿಯ ಕಂತು ಮುಗಿಸುತ್ತಿದ್ದೆ. ತಂಜಾವೂರಿನಲ್ಲಿ ಉಬ್ಬು ದಪ್ಪ, ಮೈಸೂರಿನಲ್ಲಿ ಬಲು ತೆಳು. ಕಾಗದಕ್ಕೆ ಕಣ್ಣು ಓರೆ ಮಾಡಿ ನೋಡಿದರಷ್ಟೇ ಕಾಣುತ್ತದೆ. ಆನಿಮೇಷನ್ ಹುಡುಗ ಕೇಳಿದ: "ಸರ್, ಇದನ್ನ ತಪ್ಪಿದ್ರೆ?" ಹಿರಿಯರು ಬ್ರಷ್ಷು ಎತ್ತದೆಯೇ, "ತಪ್ಪಬಾರ್ದು," ಎಂದರು.

ಅಂದೇ ಮೇಷ್ಟ್ರು ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಅಚ್ಚುಪ್ರತಿಗಳನ್ನು ಹರಡಿದರು. ಒಂಬತ್ತು ನಿಧಿಗಳ ಆ ಮಹಾಗ್ರಂಥವನ್ನು ಕಲೆಯ ಚರಿತ್ರೆಯವರು ಮೂರ್ತಿಲಕ್ಷಣದ ಆಕರವಾಗಿ ನೋಡುತ್ತಾರೆ. ಮೇಷ್ಟ್ರು ನೋಡಿದ್ದು ನಮ್ಮ ಕಸುಬಿನವರ ಕೆಲಸವಾಗಿ: ಶ್ಲೋಕ ಕೊಟ್ಟಿದ್ದಾರೆ, ಅದಕ್ಕೆ ಸರಿಯಾಗಿ ಚಿತ್ರ ಆಗಬೇಕು, ಓದಿದವನಿಗೆ ಅನುಮಾನ ಉಳಿಯಬಾರದು. ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ನೆರಳಿಲ್ಲ, ಸ್ನಾಯುಗಳ ಪ್ರದರ್ಶನವಿಲ್ಲ, ಗೆರೆ ಮತ್ತು ಒಂದೆರಡು ಬಣ್ಣ. ಆದರೂ ಯಾವ ಕಾಲು ಎಲ್ಲಿಂದ ಬಂತು ಎಂಬ ಗೊಂದಲ ಎಲ್ಲೂ ಇಲ್ಲ. ಸಂಬಳ ತೆಗೆದುಕೊಂಡು ಹೋಗಲು ಬಂದಿದ್ದ ಪೈಲ್ವಾನರು ಬಗ್ಗಿ ನೋಡಿ, ಒಂದರ ಮೇಲೆ ಬೆರಳಿಟ್ಟು, "ಇದು ನಮ್ ದಂಡ ಅಲ್ವಾ?" ಎಂದರು. ಇನ್ನೊಂದರಲ್ಲಿ ಹಗ್ಗ ಹಿಡಿದು ಜೋತವನು. ಮೈಸೂರು ಅರಮನೆಯ ಯೋಗ ಪರಂಪರೆಯ ಮೇಲೆ ಸಂಶೋಧನೆ ಮಾಡಿದ ನಾರ್ಮನ್ ಶೋಮನ್ ಎಂಬ ವಿದ್ವಾಂಸರೂ ಈ ಚಿತ್ರಗಳಲ್ಲಿ ಗರಡಿಮನೆಯ ಕಸರತ್ತನ್ನು ಗುರುತಿಸಿದ್ದಾರೆ. ಪೈಲ್ವಾನರಿಗೆ ಒಂದೇ ನೋಟ ಸಾಕಾಯಿತು.

ನಸುಕಿಗೇ ಎದ್ದು ದೇವರಾಜ ಮಾರುಕಟ್ಟೆಗೆ ಹೋಗುವುದೂ ಪಾಠದ ಭಾಗ. 2016ರಲ್ಲಿ ಒಂದು ಭಾಗ ಕುಸಿದ ಮೇಲೆ ಆ ಕಟ್ಟಡವನ್ನು ಉಳಿಸಬೇಕೋ ಕೆಡವಬೇಕೋ ಎಂಬ ವ್ಯಾಜ್ಯ ಎಲ್ಲರಿಗೂ ಗೊತ್ತೇ ಇದೆ. ಅದರೊಳಗಿನ ವ್ಯಾಪಾರ ಯಾರ ತೀರ್ಪಿಗೂ ಕಾಯುವುದಿಲ್ಲ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೊಕ್ಕರೆ ಬಾಳೆಗೊನೆಯ ಓಣಿ, ಆಚೆ ಗೋಪುರ ಗೋಪುರವಾಗಿ ಪೇರಿಸಿದ ಕುಂಕುಮ, ಅರಿಸಿನ, ನೀಲಿ. ಪ್ರವಾಸಿಗಳ ಕ್ಯಾಮೆರಾ ಎಲ್ಲ ಅಲ್ಲಿಗೇ. ನಮಗೆ ಆ ಬಣ್ಣದ ಗೋಪುರಗಳು ವರ್ಜ್ಯ. "ಅದನ್ನ ಬರೆಯೋಕೆ ಇಲ್ಲಿಗೆ ಬರಬೇಕಿರಲಿಲ್ಲ," ಅಂತ ಮೇಷ್ಟ್ರ ಅಪ್ಪಣೆ. ಪುಸ್ತಕ ಮುಚ್ಚಿ ಯಾರನ್ನಾದರೂ ಎರಡು ನಿಮಿಷ ನೋಡಬೇಕು, ಅವರಿಗೆ ಬೆನ್ನು ತಿರುಗಿಸಿ ನೆನಪಿನಿಂದ ಬರೆಯಬೇಕು, ಮತ್ತೆ ನೋಡಿ ಏನು ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಹೂವು ಮಾರುವವಳು ಎಂದರೆ ನನ್ನ ಕೈ ತಾನಾಗಿ ಬರೆಯುವುದು: ಬುಟ್ಟಿ, ದೊಡ್ಡ ಕುಂಕುಮ, ನಗು. ಮಾರುಕಟ್ಟೆಯ ಜಗುಲಿಯ ಮೇಲೆ ಕೂತ ಹೆಂಗಸಿನ ಮುಂದೆ ಬುಟ್ಟಿಯೇ ಇರಲಿಲ್ಲ, ಒದ್ದೆ ಗೋಣಿತಾಟಿನ ಮೇಲೆ ಮಲ್ಲಿಗೆ ರಾಶಿ. ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ್ದಳು. ಎಡಗೈ ಎರಡೆರಡು ಮೊಗ್ಗನ್ನು ಎದುರುಬದುರು ಇಡುತ್ತಿತ್ತು, ಬಲಗೈ ನಾರನ್ನು ಸುತ್ತಿ ಒಳಗೆ ತೂರಿಸಿ ಎಳೆಯುತ್ತಿತ್ತು. ಎಳೆದಾಗಲೆಲ್ಲ ಹೆಬ್ಬೆರಳು ಬಾಗಿ ನಾರನ್ನು ಬಿಗಿ ಹಿಡಿಯುತ್ತಿತ್ತು. ಇಷ್ಟೆಲ್ಲ ನಡೆಯುವಾಗ ಕಣ್ಣು ಮಾತ್ರ ಓಣಿಯ ಗಿರಾಕಿಗಳ ಮೇಲೆ. ಕೈಯ ಕಡೆ ಒಮ್ಮೆಯೂ ನೋಡಲಿಲ್ಲ. ಮೊಳ ಹಾಕುವಾಗ ಮೊಣಕೈಯಿಂದ ನಡುಬೆರಳ ತುದಿಗೆ ಬರಬೇಕಾದ ಮಾಲೆ ಬೆರಳಿನ ಗೆಣ್ಣಿನಲ್ಲೇ ನಿಂತದ್ದನ್ನು ನಾನು ನೋಡಿದೆ, ಅವಳು ನಾನು ನೋಡಿದ್ದನ್ನು ನೋಡಿದಳು. "ಬರ್ಕೊಂಡಿದ್ದು ಆಯ್ತಾ? ಎರಡು ಮೊಳ ತಗೊಂಡು ಹೋಗು." ತೆಗೆದುಕೊಂಡೆ. ಕಾಲಿನ ಹೆಬ್ಬೆರಳಿರುವ ಆ ಪುಟ ಈ ಶಿಬಿರದಲ್ಲಿ ನನಗೆ ದಕ್ಕಿದ ಆಸ್ತಿ.

ಜಗನ್ಮೋಹನ ಅರಮನೆಗೂ ಒಂದು ಸುತ್ತು. 1915ರಿಂದ ಅಲ್ಲಿ ಚಿತ್ರಶಾಲೆಯಿದೆ. ದೀಪ ಹಿಡಿದ ಹೆಣ್ಣಿನ ಆ ಪ್ರಸಿದ್ಧ ಚಿತ್ರದ ಮುಂದೆ ಒಂದು ಸಂಸಾರ ನಿಂತಿತ್ತು, ತಂದೆ ಮಕ್ಕಳಿಗೆ "ರವಿವರ್ಮಂದು" ಎಂದು ಹೇಳುತ್ತಿದ್ದರು. ಅದು ಸಾವಳಾರಾಮ ಹಳದಣಕರರದ್ದು, ಮಾದರಿಯಾಗಿ ನಿಂತವಳು ಅವರ ಮಗಳು, ಅದೂ ತೈಲವರ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತೆಳುವಾದ ಕಡೆ ಇಣುಕುವ ಕಾಗದವೇ. ಒಮ್ಮೆ ಗಾಢವಾದರೆ ಹಿಂದಕ್ಕೆ ಬರುವುದು ಕಷ್ಟ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳು ಒಳಗಿನಿಂದ ಕೆಂಪಗೆ ಬೆಳಗುವುದನ್ನು ನಮ್ಮಲ್ಲಿ ಕೆಲವರು ಸಂಜೆ ಮೇಣದಬತ್ತಿ ಹಚ್ಚಿ, ಒಬ್ಬರ ಕೈ ಒಬ್ಬರು ನೋಡಿ, ಮೂರೇ ಛಾಯೆಯಲ್ಲಿ ತರಲು ನೋಡಿದರು. ಧಾರವಾಡದವರ ಬೆರಳು ಸ್ವಲ್ಪ ಸುಟ್ಟಿತು.

ರಾತ್ರಿ ಊಟವಾದ ಮೇಲೆ ಗೋಡೆಯ ಪಾಳಿ. ಅಂದಂದಿನ ಕೆಲಸವನ್ನು ಗೋಡೆಗೆ ಅಂಟಿಸುವುದು, ಎಲ್ಲರೂ ಮಾತಾಡುವುದು. ಇದೇ ಶಿಬಿರದ ಜೀವಾಳ ಎನ್ನಬೇಕು. ಅಮೆರಿಕದ ಹೊವಾರ್ಡ್ ಪೈಲ್ 1898ರ ಬೇಸಿಗೆಯಲ್ಲಿ ಆಯ್ದ ವಿದ್ಯಾರ್ಥಿಗಳನ್ನು ಚಾಡ್ಸ್ ಫೋರ್ಡ್ ಎಂಬ ಹಳ್ಳಿಗೆ ಕರೆದೊಯ್ದು, ಹಳೆಯ ಗಿರಣಿಯೊಂದರಲ್ಲಿ ಚಿತ್ರ ಬರೆಸಿದರು. ಪುಸ್ತಕ, ಪತ್ರಿಕೆಗಳಿಗೆ ಬರೆಯುವವರನ್ನು ಹೀಗೆ ಒಂದೆಡೆ ಕಲೆಹಾಕುವ ರೂಢಿಗೆ ಅದು ದೊಡ್ಡ ಮೇಲ್ಪಂಕ್ತಿ. ಆಮೇಲೆ ವಿಲ್ಮಿಂಗ್ಟನ್ನಿನಲ್ಲಿ ಸ್ವಂತ ಶಾಲೆ ತೆರೆದಾಗ ಬೋಧನಾ ಶುಲ್ಕ ತೆಗೆದುಕೊಳ್ಳಲಿಲ್ಲ. ನಮ್ಮವರಿಗೆ ಅಂಥ ಗಿರಣಿ ಸಿಕ್ಕದ್ದು ಕಡಿಮೆ. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕಕ್ಕೆ ಅವರು ಬರೆದ ರಾಮಾಯಣದ ಚಿತ್ರಗಳನ್ನು ಈಗಲೂ ನೋಡಬಹುದು. ಚಂದಮಾಮದ ಎಂ.ಟಿ.ವಿ. ಆಚಾರ್ಯರಂತೂ ಅಂಚೆಯಲ್ಲೇ ಚಿತ್ರಕಲೆ ಕಲಿಸಿದರು. ಹಾಳೆ ಕಳಿಸಿ, ತಿದ್ದಿಸಿಕೊಂಡು, ಪೋಸ್ಟ್‌ಮ್ಯಾನಿಗಾಗಿ ಕಾಯ್ದವರು ಕರ್ನಾಟಕದ ಊರೂರಲ್ಲಿದ್ದರು.

ಮೇಷ್ಟ್ರು ಎಲ್ಲರಿಗೂ ಒಂದೇ ಕಥೆ ಕೊಟ್ಟರು: ಪುಣ್ಯಕೋಟಿ. ಒಬ್ಬೊಬ್ಬರೂ ಬೆಂಕಿಪೊಟ್ಟಣದಳತೆಯ ಇಪ್ಪತ್ತು ಕಿರುಚಿತ್ರ ಬರೆದು ಅಂಟಿಸಬೇಕು. ಗೋಡೆಯ ತುಂಬ ಹುಲಿ. ಬಾಯಿ ತೆರೆದ ಹುಲಿ, ಕಣ್ಣೀರಿಡುವ ಹುಲಿ, ಬಂಡೆಯಿಂದ ಹಾರುವ ಹುಲಿ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ಹೋದರು. "ಅರ್ಬುತ ಬಹಳ ಸಂತೋಷಪಟ್ಟಿರ್ತಾನೆ," ಎಂದರು. "ನಾಳೆ ಇನ್ನಿಪ್ಪತ್ತು. ಹುಲಿ ಬರೋ ಹಾಗಿಲ್ಲ."

ಗೊಣಗಾಟವಾಯಿತು. ಹುಲಿಯಿಲ್ಲದ ಗೋವಿನ ಹಾಡೇ? ಮರುರಾತ್ರಿ ಗೋಡೆಯ ಮೇಲೆ ಬಗೆಬಗೆಯದು ಬಂತು. ಕಾಳಿಂಗನ ಕೊಳಲು, ದೊಡ್ಡಿಯ ಬಾಗಿಲು, ಕಾಡಿನ ದಾರಿಯ ಗೊರಸಿನ ಗುರುತು. ಎಲ್ಲರೂ ನಿಂತದ್ದು ರಾಯಚೂರಿನ ಶಿಕ್ಷಕಿಯ ಒಂದು ಚಿತ್ರದ ಮುಂದೆ. ಕರುವನ್ನು ನೋಡಿಕೊಳ್ಳಿರೆಂದು ಪುಣ್ಯಕೋಟಿ ಉಳಿದ ಹಸುಗಳಿಗೆ ಒಪ್ಪಿಸುವ ಗಳಿಗೆ. ಚೌಕಟ್ಟಿನ ತುಂಬ ಹಸುಗಳ ಕಾಲುಗಳು ಮಾತ್ರ, ಕಂಬ ನೆಟ್ಟಷ್ಟು ಒತ್ತೊತ್ತಾಗಿ. ಮಧ್ಯೆ ಕರು, ಅದು ಯಾರ ಕಡೆಯೂ ನೋಡದೆ ಒಂದು ಕೆಚ್ಚಲಿಗೆ ಮೂತಿ ಹಚ್ಚಿದೆ. ಅದು ತಾಯಿಯ ಕೆಚ್ಚಲೋ ಬೇರೆ ಹಸುವಿನದೋ ಚಿತ್ರದಲ್ಲಿ ಗೊತ್ತಾಗುವುದಿಲ್ಲ.

"ಯಾರದು ಇದು?" ಎಂದು ಮೇಷ್ಟ್ರು ಕೆಚ್ಚಲನ್ನು ತೋರಿಸಿ ಕೇಳಿದರು.

"ಅದನ್ನ ನಾ ಹೇಳಂಗಿಲ್ರಿ," ಎಂದರು ಶಿಕ್ಷಕಿ.

ಮೇಷ್ಟ್ರು ಅದರ ಬಗ್ಗೆ ಮುಂದೆ ಏನೂ ಹೇಳದೆ ನನ್ನ ಇಪ್ಪತ್ತರ ಕಡೆ ಬಂದರು. ಅದರಲ್ಲಿ ಕಿಟಕಿಯಿರಲಿಲ್ಲ, ಹಣೆಗೆ ಕೈಯೂ ಇರಲಿಲ್ಲ, ಹಸುವಿಗೆ ಆ ಸೌಲಭ್ಯವಿಲ್ಲವಲ್ಲ. "ಹದಿನಾಲ್ಕನೇದು ನೋಡಬಹುದು," ಎಂದರು. ಅವರ ಬಾಯಲ್ಲಿ ಅದು ಬಹುಮಾನ.

ಆಮೇಲೆ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕಸುಬಿನ ಮಾತು. ಯಾವ ಪತ್ರಿಕೆ ಒಂದು ಚಿತ್ರಕ್ಕೆ ಎಷ್ಟು ಕೊಡುತ್ತದೆ, ಮೂಲಚಿತ್ರ ವಾಪಸು ಬರುತ್ತದೋ ಇಲ್ಲವೋ, ಪುಸ್ತಕದ ಮುಖಪುಟದ ಒಳಗೆ ಚಿತ್ರಕಾರನ ಹೆಸರು ಹಾಕದ ಪ್ರಕಾಶಕರನ್ನು ಏನು ಮಾಡಬೇಕು. ಕಂಪ್ಯೂಟರಿಗೆ ಎರಡು ಸಾಲು ಹೇಳಿದರೆ ಚಿತ್ರ ಉದುರುವ ಕಾಲದಲ್ಲಿ ನಮ್ಮ ಗತಿಯೇನು ಎಂಬ ಪ್ರಶ್ನೆಯೂ ಬಂತು. ಆನಿಮೇಷನ್ ಹುಡುಗನಿಗೆ ಈ ಬಗ್ಗೆ ಹೇಳಲು ಬಹಳ ಇತ್ತು. ಅವನ ಸ್ಟುಡಿಯೋದಲ್ಲಿ ಆಗಲೇ ಕುರ್ಚಿಗಳು ಖಾಲಿಯಾಗುತ್ತಿದ್ದವು. ಯಾರಿಗೂ ಉತ್ತರ ಹೊಳೆಯಲಿಲ್ಲ. ಧಾರವಾಡದವರು ಸುಟ್ಟ ಬೆರಳಿಗೆ ಊದುತ್ತ, ಮೊದಲು ಬಾಕಿ ದುಡ್ಡು ವಸೂಲಾಗಲಿ, ಆಮೇಲೆ ಕಂಪ್ಯೂಟರಿನ ಮಾತು ಎಂದರು.

ಶಿಬಿರ ಇನ್ನೂ ನಡೆಯುತ್ತಿರುವಾಗಲೇ ನನಗೊಂದು ಕಥೆ ಬಂತು. ಎಂದಿನಂತೆ ಸಂಜೆ ಬಂದದ್ದು, ಬೆಳಿಗ್ಗೆಗೆ ಬೇಕು. ಗಂಡನ ಮನೆ ಬಿಟ್ಟು ಬಂದ ಮಗಳು ತವರಿನ ಹೊಸ್ತಿಲಲ್ಲಿ ನಿಲ್ಲುವ ಕಥೆ. ಕೈ ಎರಡು ಸಲ ಕಿಟಕಿಯ ಸರಳಿನ ಕಡೆ ಹೋಯಿತು. ಬೆಂಕಿಪೊಟ್ಟಣದಳತೆಯಲ್ಲಿ ಬರೆಯುತ್ತ ಕೂತೆ. ಕೊನೆಗೆ ಉಳಿದದ್ದು ಜಗುಲಿಯ ಮೇಲಿನ ಒಂದು ಜೊತೆ ಚಪ್ಪಲಿ. ಒಂದು ಚಪ್ಪಲಿ ಮನೆಯ ಕಡೆ ಮುಖ ಮಾಡಿದೆ, ಇನ್ನೊಂದು ಬೀದಿಯ ಕಡೆ. ಬಾಗಿಲು ಅರ್ಧ ತೆರೆದಿದೆ, ಒಳಗೆ ತಾಯಿಯ ಸೆರಗಿನ ಅಂಚು. ಇದ್ದಿಲಿನಲ್ಲೇ ಮುಗಿಸಿ, ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ.

ಉಪಸಂಪಾದಕರು ಹತ್ತೇ ನಿಮಿಷಕ್ಕೆ ಫೋನು ಮಾಡಿದರು.

"ಸರ್, ಹೀರೋಯಿನ್ ಎಲ್ಲಿ?"

"ಒಳಗೆ ಹೋಗಿದ್ದಾಳೆ."

"ಮುಖ ಬರಲ್ವಾ? ನೀವು ಹೆಣ್ಣಿನ ಮುಖ ಎಷ್ಟು ಚೆನ್ನಾಗಿ ಮಾಡ್ತೀರ..."

"ಚಪ್ಪಲಿ ನೋಡಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪುಟ ಕಟ್ಟುವವರ ಜೊತೆ ಏನೋ ಪಿಸುಪಿಸು. ಆಮೇಲೆ, "ಓದುಗರಿಗೆ ತಿಳಿಯುತ್ತಾ ಸರ್?"

"ಕಥೆ ಓದಿದರೆ ತಿಳಿಯುತ್ತೆ."

"ಸರಿ ಬಿಡಿ, ಹೋಗ್ಲಿ. ಆದ್ರೆ ಚಪ್ಪಲಿ ಇನ್ನೊಂಚೂರು ದೊಡ್ಡದು ಮಾಡಿಕೊಡ್ತೀರಾ? ಕೆಳಗೆ ಎರಡು ಕಾಲಂ ಜಾಗ ಉಳೀತಾ ಇದೆ."